ಬಾಗಿದ ಬೆನ್ನು

ರಾಮಾಯಣದ ಮಂಥರೆಯನ್ನು ಅರಿಯದವರಿಲ್ಲ. ಅವಳ ಕುಟಿಲ ಬುದ್ಧಿಗೂ ಬಾಗಿದ ಬೆನ್ನಿಗೂ ನಂಟು ಕಲ್ಪಿಸುವುದು ಜನರಲ್ಲಿ ರೂಢಿಯಾಗಿದೆ. ಗೂನುಬೆನ್ನು ಪೂರ್ವಜನ್ಮದ ಪಾಪಫಲವೆಂದು ನಂಬುವವರೂ ಉಂಟು. ಆದರೆ ಬೆನ್ನು ಬಾಗುವುದಕ್ಕೂ ಮನುಷ್ಯನ ಗುಣಕ್ಕೂ ಯಾವ ಸಂಬಂಧವೂ ಇಲ್ಲ. ಅದರ ಕಾರಣಗಳು ದೇಹದಲ್ಲಿಯೇ ಇವೆ. ಅವುಗಳನ್ನು ಸಕಾಲದಲ್ಲಿ ಅರಿತರೆ ಅನೇಕ ವೇಳೆ ಗೂನನ್ನು ತಡೆಯಲೂಬಹುದು, ಸರಿಪಡಿಸಲೂಬಹುದು.

ಬೆನ್ನೆಲುಬು ಒಂದೇ ಎಲುಬಲ್ಲ. ಅದು ಬಿಡಿ ಮೂಳೆಗಳ ಸರಣಿ. ಕೊರಳಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ 24 ಕಶೇರುಮಣಿಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗಿರುವ ಮಣಿಗಳು ವಯಸ್ಸಾದಂತೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಹಿಂಬದಿಯ ಕಾಲುವೆಯಲ್ಲಿ ಬೆನ್ನುಹುರಿಯು ಸುರಕ್ಷಿತವಾಗಿದೆ. ಪಕ್ಕದಿಂದ ನೋಡಿದರೆ ಬೆನ್ನೆಲುಬು ಕೋಲಿನಂತೆ ನೇರವಾಗಿಲ್ಲ. ಕೊರಳು ಮತ್ತು ಸೊಂಟಗಳಲ್ಲಿ ಅದು ಮುಂದಕ್ಕೂ ಎದೆಯ ಭಾಗದಲ್ಲಿ ಹಿಂದಕ್ಕೂ ಬಾಗಿದೆ. ಎದೆಯ ಭಾಗದ ಬಾಗು ಸಾಮಾನ್ಯವಾಗಿ 20ರಿಂದ 45 ಡಿಗ್ರಿಗಳಷ್ಟಿರುತ್ತದೆ. ಅದು ಮಿತಿಮೀರಿದಾಗ ಗೂನು ತೋರುತ್ತದೆ. ವೈದ್ಯರು ಇದನ್ನು ಕೈಫೋಸಿಸ್ ಎನ್ನುವರು. ಪಕ್ಕದಿಂದ ತೆಗೆದ ಎಕ್ಸ್-ರೇ ಚಿತ್ರದ ಮೇಲೆ ರೇಖೆಗಳನ್ನೆಳೆದು ಈ ಕೋನವನ್ನು ಅಳೆಯುತ್ತಾರೆ. ಅಮೆರಿಕದ ವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ವಿಧಾನವೇ ಇದಕ್ಕೆ ಆಧಾರ.

ಎಲ್ಲ ಗೂನುಗಳೂ ಒಂದೇ ಬಗೆಯವಲ್ಲ. ಸದಾ ಕುಗ್ಗಿ ಕುಳಿತುಕೊಳ್ಳುವ ಹುಡುಗ ಹುಡುಗಿಯರಲ್ಲಿ ಕಾಣುವ ಬಾಗು ಮೊದಲನೆಯದು. ಇಲ್ಲಿ ಮೂಳೆಗಳಿಗೆ ದೋಷವಿಲ್ಲ. ಎದೆಯೆತ್ತಿ ನಿಂತರೆ ಅಥವಾ ಅಂಗಾತ ಮಲಗಿದರೆ ಬಾಗು ಮಾಯವಾಗುತ್ತದೆ. ಎರಡನೆಯದನ್ನು ಡೆನ್ಮಾರ್ಕಿನ ವೈದ್ಯ ಹೋಲ್ಗರ್ ಶಾಯರ್‌ಮನ್ 1920ರಲ್ಲಿ ವಿವರಿಸಿದನು. ಬೆಳೆಯುವ ವಯಸ್ಸಿನಲ್ಲಿ ಕೆಲವು ಮಣಿಗಳ ಮುಂಭಾಗವು ಹಿಂಭಾಗದಷ್ಟು ಎತ್ತರಕ್ಕೆ ಬೆಳೆಯದೆ ಅವು ಬೆಣೆಯ ಆಕಾರವನ್ನು ತಾಳುತ್ತವೆ. ಈ ಬಾಗು ನೇರವಾಗಿ ನಿಂತರೂ ಹೋಗದು. ಮುಪ್ಪಿನಲ್ಲಿ, ವಿಶೇಷವಾಗಿ ಸ್ತ್ರೀಯರಲ್ಲಿ, ಮೂಳೆಗಳು ಟೊಳ್ಳಾಗಿ ಮಣಿಗಳು ಕುಸಿಯುವುದರಿಂದಲೂ ಬೆನ್ನು ಬಾಗುತ್ತದೆ. ಹುಟ್ಟಿನಿಂದಲೇ ಮಣಿಗಳ ರಚನೆ ಕೆಟ್ಟಿರುವುದೂ ಉಂಟು.

ಇವೆಲ್ಲಕ್ಕಿಂತ ಭೀಕರವಾದುದು ಕ್ಷಯರೋಗದಿಂದ ಬರುವ ಗೂನು. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವರ್ಣಿಸಿದನು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದನು. ಕ್ಷಯವು ಶ್ವಾಸಕೋಶಕ್ಕೆ ಮಾತ್ರ ತಗಲುವ ರೋಗವಲ್ಲ. ರೋಗಾಣುಗಳು ರಕ್ತದ ಮೂಲಕ ಬೆನ್ನೆಲುಬನ್ನು ಸೇರಿ ಮಣಿಯ ಮುಂಭಾಗವನ್ನು ತಿಂದುಹಾಕುತ್ತವೆ. ಆಗ ಮೇಲಿನ ಮಣಿ ಮುಂದಕ್ಕೆ ಕುಸಿದು ಬೆನ್ನಿನಲ್ಲಿ ಚೂಪಾದ ಗೂನು ಏಳುತ್ತದೆ. ಬೆನ್ನುಹುರಿ ಅದುಮಲ್ಪಟ್ಟರೆ ಕಾಲುಗಳು ಸ್ವಾಧೀನ ತಪ್ಪುತ್ತವೆ. ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಕಾಲುಗಳಲ್ಲಿ ನಿಶ್ಶಕ್ತಿ ಇವು ಎಚ್ಚರಿಕೆಯ ಗುರುತುಗಳು. ಇಂತಹ ಬೆನ್ನನ್ನು ನೀವಿಸುವುದು, ತುಳಿಸುವುದು ಅಪಾಯಕರ. ಸವೆದ ಮಣಿ ಇದರಿಂದ ಮುರಿಯಬಹುದು. ಒಡನೆಯೇ ವೈದ್ಯರನ್ನು ಕಾಣಬೇಕು. ಹಲವು ತಿಂಗಳು ತಪ್ಪದೆ ಔಷಧಿ ಸೇವಿಸಿದರೆ ಈ ರೋಗ ವಾಸಿಯಾಗುತ್ತದೆ. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತವಾಗಿ ದೊರೆಯುತ್ತದೆ. ಆದರೆ ರೋಗ ವಾಸಿಯಾದರೂ ಒಮ್ಮೆ ಕುಸಿದ ಮಣಿ ಮೊದಲಿನಂತಾಗದು. ಆದುದರಿಂದ ತಡಮಾಡದಿರುವುದೇ ಮುಖ್ಯ.

ಉಳಿದ ಬಗೆಗಳಿಗೆ ಚಿಕಿತ್ಸೆ ಬೇರೆ. ಭಂಗಿಯಿಂದ ಬಂದ ಬಾಗಿಗೆ ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಮದ್ದು. ಬೆಣೆಯಾಕಾರದ ಮಣಿಗಳಿರುವ ಬಾಲಕರಿಗೆ, ಮೂಳೆ ಇನ್ನೂ ಬೆಳೆಯುತ್ತಿರುವಾಗ, ಬೆನ್ನಿಗೆ ಆಸರೆಯ ಪಟ್ಟಿಯನ್ನು ತೊಡಿಸುವರು. ಬೆಳವಣಿಗೆ ನಿಂತ ಮೇಲೆ ಅದರಿಂದ ಬಾಗು ತಿದ್ದದು. ಬಾಗು 75 ಡಿಗ್ರಿಗಳಷ್ಟು ಏರಿ ನೋವು ತಾಳಲಾರದಂತಾದಾಗ, ಅಥವಾ ಬೆನ್ನುಹುರಿಗೆ ಕೇಡಾಗುವಂತಿದ್ದಾಗ, ಶಸ್ತ್ರಚಿಕಿತ್ಸೆಯಿಂದ ಲೋಹದ ಸರಳುಗಳನ್ನು ಜೋಡಿಸಿ ಬೆನ್ನನ್ನು ನಿಲ್ಲಿಸುತ್ತಾರೆ. ವೃದ್ಧರಿಗೆ ಸುಣ್ಣದ ಅಂಶವುಳ್ಳ ಆಹಾರ, ಬಿಸಿಲು, ತಕ್ಕ ಔಷಧಿ ಮತ್ತು ಬೀಳದಂತೆ ಎಚ್ಚರ ಅಗತ್ಯ.

ತನ್ನ ಬೆನ್ನು ಬಾಗುತ್ತಿದೆಯೆಂದು ಅರಿತ ಬಾಲಕನು ಅನೇಕ ವೇಳೆ ಅದನ್ನು ಅಂಗಿಯ ಮರೆಯಲ್ಲಿ ಅಡಗಿಸುತ್ತಾನೆ. ಜೊತೆಗಾರರು 'ಗೂನ' ಎಂದು ಕರೆದಾರೆಂಬ ಅಂಜಿಕೆಯೇ ಇದಕ್ಕೆ ಕಾರಣ. ಹೀಗೆ ಅಡಗಿಸಿದ ದಿನಗಳೇ ಚಿಕಿತ್ಸೆಗೆ ಯೋಗ್ಯವಾದ ದಿನಗಳು. ಒಂದು ಹಾಸ್ಯದ ಮಾತು ಅವನಿಂದ ಆ ದಿನಗಳನ್ನು ಕಸಿದುಕೊಳ್ಳಬಲ್ಲದು. ಒಂದು ಸ್ನೇಹದ ಮಾತು ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬಲ್ಲದು.