ಮಗ್ಗದ ಸಪ್ಪಳ ಎಲ್ಲಿ ಹೋತು?

ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆಯುವುದು ನನ್ನ ಕೆಲಸ. ರಾತ್ರಿ ಹತ್ತರ ಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಡಾವಿಂಚಿ ರಿಸಾಲ್ವ್ ತೆರೆಯುತ್ತೇನೆ. ಉಚಿತ ಆವೃತ್ತಿಯೇ ಸಾಕು. ದುಬಾರಿ ಕ್ಯಾಮೆರಾದ ಆಸೆ ಬಿಟ್ಟು ಎರಡು ವರ್ಷವಾಯಿತು.

ಮೊದಲ ಚಿತ್ರ ಇಳಕಲ್ಲಿನ ನಮ್ಮ ಮನೆಯ ಕುಣಿಮಗ್ಗದ್ದು. ಅಪ್ಪನ ಮೊಣಕಾಲು ಕೈಕೊಟ್ಟಿತ್ತು, ದೀಪಾವಳಿ ನಂತರ ಮಗ್ಗ ಎತ್ತುವುದೆಂದು ತೀರ್ಮಾನವಾಗಿತ್ತು. ಮೂರು ದಿನ ರಜೆ ಹಾಕಿ ಹೋಗಿ ಮೊಬೈಲ್‌ನಲ್ಲೇ ಚಿತ್ರೀಕರಿಸಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಟೋಪ್‌ತೆನಿ ಅನ್ನುವುದು ಇದನ್ನೇ. ಅಪ್ಪನಿಗೆ ಅದು ತಾಸುಗಟ್ಟಲೆ ಕೆಲಸ. ನಾನು ಹನ್ನೆರಡು ಸೆಕೆಂಡಿಗೆ ಇಳಿಸಿ, ಮೇಲೆ ಕೊಳಲಿನ ಸಂಗೀತ ಹಾಕಿ ಕಳಿಸಿದೆ.

ಅಪ್ಪನ ಫೋನ್ ಬಂತು: ‘ಛಲೋ ಐತಿ. ಮಗ್ಗದ ಸಪ್ಪಳ ಎಲ್ಲಿ ಹೋತು?’

ಒಂದು ಕಟ್ ಸರಿಯೇ ಎಂದು ತೂಗುವಾಗ ಸಂಕಲನಕಾರ ವಾಲ್ಟರ್ ಮರ್ಚ್ ಭಾವಕ್ಕೆ ಶೇ 51, ಲಯಕ್ಕೆ ಬರೀ ಶೇ 10 ಕೊಡುತ್ತಾರೆ. ಪುಸ್ತಕ ಓದಿದ್ದೆ, ಮಾಡಿದ್ದು ಉಲ್ಟಾ. ಸಂಗೀತ ಕಿತ್ತುಹಾಕಿದೆ. ಪರದೆಯ ಮೇಲೆ ಇನ್ನೂ ನಮ್ಮ ಓಣಿ ಇರುವಾಗಲೇ ಲಾಳಿಯ ಸದ್ದು ಶುರು, ಆಮೇಲೆ ಅಪ್ಪನ ಕೈ. ಇದಕ್ಕೆ ಜೆ-ಕಟ್ ಎನ್ನುತ್ತಾರೆ. ಕೊಂಡಿ ಹಾಕುವ ದೃಶ್ಯ ಎರಡು ನಿಮಿಷ, ಒಂದೂ ಕಟ್ ಇಲ್ಲ.

ಅದನ್ನು ನೋಡಿದ ಇಲ್ಲಿನ ಗೆಳೆಯನೊಬ್ಬ ತನ್ನ ತಾಯಿ ಕೌದಿ ಹೊಲಿಯುವುದನ್ನು ಚಿತ್ರ ಮಾಡಿಕೊಡು ಎಂದ. ಈಗ ಶನಿವಾರಗಳು ಇಂಥವಕ್ಕೇ ಮೀಸಲು. ಬರುವ ಸಂಭಾವನೆ ಹಾರ್ಡ್ ಡಿಸ್ಕಿಗೆ ಸರಿಹೋಗುತ್ತದೆ.

ದೀಪಾವಳಿ ಮುಗಿಯಿತು, ಮಗ್ಗ ಎತ್ತಿದರು. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಆ ವಿಡಿಯೊ ಹಚ್ಚಿ ಮಗ್ಗುಲಾಗುತ್ತಾರಂತೆ. ನೋಡುವುದಿಲ್ಲ, ಕೇಳುತ್ತಾರೆ ಅಂತಾಳೆ ಅವ್ವ.