ನಿಮಗಿದು ಗೊತ್ತೆ? ದಾಖಲೆಯ ಪಕ್ಕದಲ್ಲೇ ಕೋಣಗಳ ಸಾಲು!

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಅದರ ಮೇಲಿರುವುದು 1294ರ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥನು ಆದವಾನಿ, ತುಂಬಳ, ಮಾನ್ವಿ ಮುಂತಾದ ಕೋಟೆಗಳನ್ನು ಗೆದ್ದು ಈ ಕೋಟೆ ಕಟ್ಟಿಸಿದ ಎಂಬುದು ಅದರ ಸಾರ.

ಇಷ್ಟು ದೊಡ್ಡ ಬಂಡೆಯನ್ನು ಇಲ್ಲಿಗೆ ತಂದದ್ದಾದರೂ ಹೇಗೆ? ಉತ್ತರ ಶಾಸನದ ಅಕ್ಷರಗಳಲ್ಲಿಲ್ಲ, ಹತ್ತಿರದ ಗೋಡೆಯಲ್ಲಿದೆ. ಗಾಲಿಬಂಡಿಯ ಮೇಲೆ ಮಲಗಿದ ಕಲ್ಲು, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಅವನ್ನು ಹೊಡೆಯುವ ಆಳುಗಳು: ಎಲ್ಲವನ್ನೂ ಯಾರೋ ಗೆರೆಗಳಲ್ಲಿ ಕೊರೆದಿಟ್ಟಿದ್ದಾರೆ. ಶಾಸನದಲ್ಲಿ ದೊಡ್ಡವರ ಹೆಸರಿದೆ. ಬೆವರು ಸುರಿಸಿದವರಿಗೆ ಸಿಕ್ಕಿದ್ದು ಈ ಚಿತ್ರ ಮಾತ್ರ. ನಮಗಂತೂ ಚಿತ್ರವೇ ಹೆಚ್ಚು ಇಷ್ಟ!

ದಾನಶಾಸನಗಳ ತಲೆಯ ಮೇಲಿನ ಸೂರ್ಯ, ಚಂದ್ರ, ಲಿಂಗ, ಹಸು-ಕರುಗಳೂ ಬರೀ ಅಲಂಕಾರವಲ್ಲ. ಸೂರ್ಯಚಂದ್ರರಿರುವವರೆಗೆ ದಾನ ನಡೆಯಲಿ ಎಂಬುದು ಓದು ಬಾರದವರಿಗೂ ತಿಳಿಯುತ್ತಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಇಂಥ ಶಾಸನಗಳಿಗೆ ದೇವದುರ್ಗ ತಾಲ್ಲೂಕಿನ ಗಬ್ಬೂರು ಹೆಸರಾದ ಊರು.

ಬರಹದ ಜೊತೆ ಚಿತ್ರ ಇರುವುದು ನಮ್ಮಲ್ಲಿ ಮಾತ್ರವಲ್ಲ. ರಾಯಚೂರಿನ ಶಾಸನ ಕೊರೆದ ಶತಮಾನದಲ್ಲೇ ಇಟಲಿಯಲ್ಲಿ ಪತ್ರ ಬರೆಯುವ ಪ್ರತಿಯೊಬ್ಬ ನೋಟರಿಗೂ ಸಹಿಯ ಜೊತೆ ತನ್ನದೇ ಒಂದು ಚಿತ್ರಗುರುತು ಇರುತ್ತಿತ್ತು. ಬೊಲೊನ್ಯಾ ನಗರದಲ್ಲಿ 1265ರಿಂದ ಇಟ್ಟ ಕರಾರು ದಫ್ತರಗಳ ಖಾಲಿ ಜಾಗದಲ್ಲಂತೂ ಗುಮಾಸ್ತರು ಪದ್ಯಗಳನ್ನೂ ಬರೆದು ತುಂಬಿಸಿದ್ದಾರೆ.

ರಾಯಚೂರಿನ ಬಸ್ ನಿಲ್ದಾಣಕ್ಕೆ ಕೋಟೆ ಹತ್ತಿರವೇ ಇದೆ. ಮುಂದಿನ ಬಸ್ಸು ತಡವಾದರೆ ಕೋಣಗಳನ್ನೊಮ್ಮೆ ನೋಡಿ ಬನ್ನಿ.