ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್‌ಗೆ ಪೆಟ್ಟಾದ ಪುಲ್ಲಿ: ಉಳಿತಾಯವೋ, ನಷ್ಟವೋ?

ಗಲ್ಫ್‌ನ ಗ್ಯಾರೇಜ್ ಮತ್ತು ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕಾಸರಗೋಡು, ಮಂಗಳೂರು ಕಡೆಯ ಬಹಳಷ್ಟು ಯುವಕರು ದುಡಿಯುತ್ತಿದ್ದಾರೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಂತಹ ಕಡೆ ಗುಜರಿಗೆ ಬಂದ ಕಾರುಗಳಿಂದ ಬಿಚ್ಚಿದ ಎಂಜಿನ್, ಗೇರ್‌ಬಾಕ್ಸ್ ಜೊತೆಗೆ ಸೂಪರ್‌ಚಾರ್ಜರ್ ಕೂಡ ಮಾರಾಟಕ್ಕೆ ಬರುತ್ತದೆ. ಹೊಸದಕ್ಕಿಂತ ಬೆಲೆ ಎಷ್ಟೋ ಕಡಿಮೆ. ನೋಡಿ ಕೊಂಡರೆ ತಪ್ಪೇನಿಲ್ಲ. ಆದರೆ ಅದನ್ನು ಕೂರಿಸುವಾಗ, ಎಂಜಿನ್‌ನ ಪುಲ್ಲಿಗೆ ಪೆಟ್ಟಾಗಿದ್ದರೂ 'ಇದೇ ನಡೀತದೆ, ಬಿಡಿ' ಎಂದು ಅದನ್ನೇ ವಾಪಸ್ ಹಾಕುವವರಿದ್ದಾರೆ. ನಷ್ಟ ಶುರುವಾಗುವುದು ಅಲ್ಲಿಂದಲೇ.

ಸೂಪರ್‌ಚಾರ್ಜರ್ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಪಂಪ್. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಹೊಗೆಯ ಒತ್ತಡದಿಂದ. ಸೂಪರ್‌ಚಾರ್ಜರ್ ಹಾಗಲ್ಲ. ಅದನ್ನು ತಿರುಗಿಸುವುದು ಕ್ರ್ಯಾಂಕ್ ಪುಲ್ಲಿ ಮತ್ತು ಬೆಲ್ಟ್. ಅಂದರೆ ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ಈ ಪುಲ್ಲಿಯ ಮೂಲಕವೇ ಕೊಡುತ್ತದೆ. ಆಲ್ಟರ್ನೇಟರ್ ಮಾತ್ರ ತಿರುಗಿಸುವ ಪುಲ್ಲಿಗೂ ಇದಕ್ಕೂ ಬೀಳುವ ಭಾರದಲ್ಲಿ ತುಂಬ ವ್ಯತ್ಯಾಸವಿದೆ.

2006ರವರೆಗೆ ತಯಾರಾದ ಮೊದಲ ತಲೆಮಾರಿನ ಮಿನಿ ಕೂಪರ್ ಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ 1.6 ಲೀಟರ್ ಎಂಜಿನ್‌ಗೆ ಈಟನ್ ಎಂ45 ಸೂಪರ್‌ಚಾರ್ಜರ್ ಇದೆ. ಎಂಜಿನ್ ಒಂದು ಸುತ್ತು ತಿರುಗಿದರೆ ಇದು ಸುಮಾರು ಎರಡು ಸುತ್ತು ತಿರುಗುತ್ತದೆ. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಸೂಪರ್‌ಚಾರ್ಜರ್ 12000ದ ಆಸುಪಾಸಿನಲ್ಲಿರುತ್ತದೆ. ಆಲ್ಟರ್ನೇಟರ್ ಮತ್ತು ಎಸಿ ಕಂಪ್ರೆಸರ್‌ಗೂ ಅದೇ ಒಂದು ಬೆಲ್ಟ್. ಇನ್ನೂ ಮುಖ್ಯವಾದ ಮಾತು, ಈ ಕಾರಿನ ವಾಟರ್ ಪಂಪ್ ತಿರುಗುವುದು ಸೂಪರ್‌ಚಾರ್ಜರ್‌ನ ಹಿಂಬದಿಯ ಗೇರ್‌ನಿಂದ. ಬೆಲ್ಟ್ ಹಾರಿದರೆ ಪಿಕಪ್ ಹೋಗುವುದು ಮಾತ್ರವಲ್ಲ, ಎಂಜಿನ್‌ನೊಳಗೆ ನೀರು ಸುತ್ತುವುದೇ ನಿಲ್ಲುತ್ತದೆ. ಗಲ್ಫ್‌ನ ಬೇಸಿಗೆಯಲ್ಲಿ ಹೈವೇ ಮೇಲೆ ಹೀಗಾದಾಗ ತಕ್ಷಣ ಗಾಡಿ ನಿಲ್ಲಿಸದಿದ್ದರೆ ಹೆಡ್ ಗ್ಯಾಸ್ಕೆಟ್ ಸುಡಬಹುದು, ಅಲ್ಯೂಮಿನಿಯಂ ಹೆಡ್ ಬಾಗಬಹುದು.

ಪುಲ್ಲಿ ನೋಡಲು ಒಂದೇ ಕಬ್ಬಿಣದ ಚಕ್ರದಂತೆ ಕಾಣುತ್ತದೆ. ಆದರೆ ಮಿನಿ ಸೇರಿದಂತೆ ಹೆಚ್ಚಿನ ಕಾರುಗಳಲ್ಲಿ ಕ್ರ್ಯಾಂಕ್ ಪುಲ್ಲಿ ಒಂದೇ ತುಂಡಲ್ಲ. ಒಳಗೆ ಹಬ್, ಹೊರಗೆ ಬೆಲ್ಟ್ ಕೂರುವ ರಿಂಗ್, ನಡುವೆ ರಬ್ಬರ್. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್‌ಶಾಫ್ಟ್‌ಗೆ ಬೀಳುವ ತಿರುಚು ಕಂಪನವನ್ನು ತಗ್ಗಿಸುವುದು ಈ ರಬ್ಬರ್ ಮತ್ತು ಹೊರ ರಿಂಗ್‌ನ ಕೆಲಸ. ಕಾಲ ಕಳೆದಂತೆ ಬಿಸಿ ಮತ್ತು ಎಣ್ಣೆ ತಾಗಿ ರಬ್ಬರ್ ಬಿರುಕು ಬಿಡುತ್ತದೆ. ಮಿನಿಯಲ್ಲಿ ಇದು ಸಾಮಾನ್ಯ ದೂರು. ಪುಲ್ಲರ್‌ನ ಕೊಕ್ಕೆಯನ್ನು ಹೊರ ರಿಂಗ್‌ಗೆ ಹಾಕಿ ಎಳೆದರೆ, ಸುತ್ತಿಗೆಯಿಂದ ಹೊಡೆದರೆ ಚೆನ್ನಾಗಿದ್ದ ಪುಲ್ಲಿಯೂ ಹಾಳಾಗುತ್ತದೆ.

ಪರೀಕ್ಷೆ ಕಷ್ಟವೇನಲ್ಲ. ಹಬ್‌ನಿಂದ ರಬ್ಬರ್ ದಾಟಿ ಹೊರ ರಿಂಗ್‌ವರೆಗೆ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಬೇಕು. ಕೆಲವು ದಿನ ಓಡಿಸಿ, ಎಂಜಿನ್ ಆಫ್ ಮಾಡಿ ನೋಡಿದಾಗ ಗೆರೆ ಮುರಿದಿದ್ದರೆ ರಿಂಗ್ ಜಾರಿದೆ ಎಂದರ್ಥ. ಐಡಲ್‌ನಲ್ಲಿ ದೂರದಿಂದ ನೋಡಿದಾಗ ಪುಲ್ಲಿ ಅಲುಗಾಡುತ್ತಿದ್ದರೆ, ರಬ್ಬರ್ ಹೊರಗೆ ಉಬ್ಬಿದ್ದರೆ, ಬೆಲ್ಟ್‌ನ ಅಂಚು ಒಂದೇ ಕಡೆ ಸವೆದಿದ್ದರೆ ಪುಲ್ಲಿಯನ್ನೇ ಮೊದಲು ಸಂಶಯಿಸಬೇಕು. ಇದು ಗೊತ್ತಿಲ್ಲದೆ ಬೆಲ್ಟ್ ಮೇಲೆ ಬೆಲ್ಟ್ ಬದಲಾಯಿಸುವವರೂ ಇದ್ದಾರೆ.

ಹಾಗಾದರೆ ಯಾವುದನ್ನು ಮತ್ತೆ ಬಳಸಬಹುದು? ಬೆಲ್ಟ್ ತಾಗದ ಜಾಗದಲ್ಲಿ ಸಣ್ಣ ಗೀರು, ಮೇಲ್ಮೈ ತುಕ್ಕು ಇದ್ದರೆ ತೊಂದರೆಯಿಲ್ಲ, ಒರೆಸಿ ಹಾಕಬಹುದು. ಬೆಲ್ಟ್ ಕೂರುವ ಗಾಡಿಯ ಅಂಚು ಒಡೆದಿದ್ದರೆ ಅದು ಪ್ರತಿ ಸುತ್ತಿನಲ್ಲೂ ಬೆಲ್ಟನ್ನು ಕೊರೆಯುತ್ತದೆ. ರಿಂಗ್ ಬಾಗಿದ್ದರೆ, ರಬ್ಬರ್ ಬಿಟ್ಟಿದ್ದರೆ, ಹಬ್‌ನಲ್ಲಿ ಬಿರುಕಿದ್ದರೆ ಅದು ಗುಜರಿಗೇ ಸರಿ. ಬಡಿದು ನೇರ ಮಾಡುವುದು, ವೆಲ್ಡಿಂಗ್ ಮಾಡುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಬ್ಯಾಲೆನ್ಸ್ ತಪ್ಪುತ್ತದೆ, ವೆಲ್ಡಿಂಗ್ ಬಿಸಿಗೆ ರಬ್ಬರ್ ಉಳಿಯುವುದೂ ಇಲ್ಲ.

ಸೂಪರ್‌ಚಾರ್ಜರ್ ಕೊಳ್ಳುವಾಗಲೂ ಅದರ ಸ್ವಂತ ಪುಲ್ಲಿ ನೋಡಬೇಕು. ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲದೆ, ಒಂದೇ ಸಮನೆ ತಿರುಗಬೇಕು. ಹಳೆಯ ಮಾಲೀಕ ಹೆಚ್ಚು ಬೂಸ್ಟ್‌ಗೆಂದು ಸಣ್ಣ ಪುಲ್ಲಿ ಹಾಕಿಸಿರಬಹುದು. ಹಾಗಿದ್ದರೆ ಸೂಪರ್‌ಚಾರ್ಜರ್ ಇನ್ನೂ ವೇಗವಾಗಿ ತಿರುಗುತ್ತದೆ, ಮೂಲ ಅಳತೆಯ ಬೆಲ್ಟ್ ಸಡಿಲವಾಗಬಹುದು, ಭಾರವೆಲ್ಲ ಮತ್ತೆ ಕ್ರ್ಯಾಂಕ್ ಪುಲ್ಲಿಯ ಮೇಲೆಯೇ. ಎಂ45ರ ಎರಡೂ ತುದಿಯ ಗೇರ್‌ಗಳಿಗೆ ಪ್ರತ್ಯೇಕ ಆಯಿಲ್ ಇರುತ್ತದೆ. ಅದನ್ನು ಕೂರಿಸುವ ಮುಂಚೆಯೇ ಬದಲಾಯಿಸಬೇಕು.

ಇನ್ನು ಲೆಕ್ಕದ ಮಾತು. ಮಿನಿಯಲ್ಲಿ ಸೂಪರ್‌ಚಾರ್ಜರ್ ಬದಲಾಯಿಸಲು ಬಂಪರ್ ಬಿಚ್ಚಿ ಇಡೀ ಮುಂಭಾಗವನ್ನು ಮುಂದಕ್ಕೆ ಎಳೆಯಬೇಕು. ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದ್ದು. ಪುಲ್ಲಿ, ಬೆಲ್ಟ್, ಟೆನ್ಷನರ್ ಅದೇ ಹೊತ್ತಿಗೆ ಹಾಕಿಸಿದರೆ ಹೆಚ್ಚುವರಿ ಕೂಲಿ ಅಲ್ಪ. ತಿಂಗಳ ನಂತರ ಪುಲ್ಲಿ ಕೈಕೊಟ್ಟರೆ ಟೋಯಿಂಗ್, ಮತ್ತೊಮ್ಮೆ ಕೂಲಿ, ಕೆಲಸಕ್ಕೆ ಹೋಗಲಾಗದ ದಿನಗಳು, ಕೆಲವೊಮ್ಮೆ ಎಂಜಿನ್ ಕೂಡ ಅದೇ ಬಿಲ್‌ಗೆ ಸೇರುತ್ತವೆ. ಸೂಪರ್‌ಚಾರ್ಜರ್ ಬೆಲೆ ಮಾತಾಡುವ ದಿನವೇ ಹೊಸ ಪುಲ್ಲಿಯ ಬೆಲೆಯನ್ನೂ ಕೇಳಿ ಒಟ್ಟು ಲೆಕ್ಕ ಹಾಕುವುದು ಒಳ್ಳೆಯದು. ಎರಡಕ್ಕೂ ದುಡ್ಡು ಸಾಲದಿದ್ದರೆ ಇನ್ನೊಂದು ತಿಂಗಳು ಕಾಯುವುದೇ ಲಾಭ.